ಎತ್ತಿನ ಕೊರಳಲ್ಲಿ ಮಗಳ ಗೆಜ್ಜೆ

ಕಳೆದ ಕಾರಹುಣ್ಣಿಮೆಯ ದಿನ ನಮ್ಮ ಮಾವನವರ ಎತ್ತುಗಳು ನನ್ನ ಮಗಳ ಗೆಜ್ಜೆ ಕಟ್ಟಿಕೊಂಡು ಮೂಡಲಗಿಯ ಓಣಿಯಲ್ಲಿ ಮೆರೆದವು. ಭರತನಾಟ್ಯದ ಗೆಜ್ಜೆ. ಕಾಲಿಗೆ ಐದೈದು ಸಾಲಿನಂತೆ ಚರ್ಮದ ಪಟ್ಟಿಯ ಮೇಲೆ ನಾನೇ ಕೂತು ಹೊಲಿದದ್ದು. ಇದನ್ನು ಹೇಳಿದರೆ ಜನ ಮೊದಲು ನಗುತ್ತಾರೆ, ಆಮೇಲೆ ಮಾವನವರನ್ನು ಬೈಯುತ್ತಾರೆ. ನಗುವವರ ಮೇಲೂ ನನಗೆ ಸಿಟ್ಟಿದೆ, ಬೈಯುವವರ ಮೇಲೂ ಸಿಟ್ಟಿದೆ. ಬೈಸಿಕೊಳ್ಳಬೇಕಾದವರ ಪಾಳಿ ಹಚ್ಚಿದರೆ ಮಾವನವರು ಕಟ್ಟಕಡೆಗೆ ನಿಲ್ಲುವವರು. ಅವರ ಮುಂದೆ ಬಹಳ ಜನ ಇದ್ದಾರೆ. ಮೊದಲಿನಿಂದಲೇ ಹೇಳುತ್ತೇನೆ.

ನಾನು ಬಿ.ಎ. ಓದಿ ಹೊಲಿಗೆ ಮಷೀನಿನ ಮುಂದೆ ಕೂತವಳು. ತವರು ಹುಕ್ಕೇರಿ, ಕೊಟ್ಟದ್ದು ಮೂಡಲಗಿಗೆ. ಗಂಡನಿಗೆ ಪೇಟೆಯಲ್ಲಿ ಬೀಜ-ಗೊಬ್ಬರದ ಅಂಗಡಿ, ಮಾವನವರಿಗೆ ಹೊಲ ಮತ್ತು ಒಂದು ಜೋಡಿ ಎತ್ತು, ನನಗೆ ಬಾಗಿಲ ಪಕ್ಕದ ಕೋಣೆಯಲ್ಲಿ ಓಣಿಯ ಹೆಂಗಸರ ಜಂಪರುಗಳು. ಇರುವವಳು ಒಬ್ಬಳೇ ಮಗಳು. ಅವಳಿಗೆ ಏಳು ವರ್ಷವಿದ್ದಾಗ ಶಾಲೆಯ ವಾರ್ಷಿಕ ಗ್ಯಾದರಿಂಗಿನಲ್ಲಿ ಕುಣಿದಳು. ನೋಡಲು ಬಂದಿದ್ದ ಒಬ್ಬ ಹೆಣ್ಣುಮಗಳು ನನ್ನನ್ನು ಹುಡುಕಿಕೊಂಡು ಬಂದು, "ಈ ಕೂಸಿನ ಕಾಲಾಗ ತಾಳ ಐತ್ರಿ. ನನ್ನ ಹತ್ತರ ಕಳಸ್ರಿ" ಅಂದರು. ಅವರು ಗೋಕಾಕದಲ್ಲಿ ಕಬ್ಬಿಣದ ಸಾಮಾನಿನ ಅಂಗಡಿಯೊಂದರ ಮಾಳಿಗೆಯ ಮೇಲೆ ಭರತನಾಟ್ಯ ಕಲಿಸುತ್ತಿದ್ದರು. ಆ ದಿನದಿಂದ ನಮಗೆ ಅವರು ಬರೀ ಟೀಚರ್.

ಎಂಟು ವರ್ಷ, ಶನಿವಾರ ಮಧ್ಯಾಹ್ನ ಮತ್ತು ರವಿವಾರ ಮುಂಜಾನೆ, ನಾವಿಬ್ಬರೂ ಗೋಕಾಕದ ಬಸ್ಸು ಹತ್ತಿದೆವು. ಕಬ್ಬು ಹೇರಿದ ಟ್ರ್ಯಾಕ್ಟರುಗಳ ಹಿಂದೆ ಬಸ್ಸು ತೆವಳುವಾಗ ನಾನು ಯಾರದೋ ಸೀರೆಗೆ ಫಾಲ್ ಹಚ್ಚುತ್ತಿದ್ದೆ, ಅವಳು ಬೆರಳ ಮೇಲೆ ತಾಳ ಹಾಕುತ್ತಿದ್ದಳು. ಆ ನೃತ್ಯದಲ್ಲಿ ಅರಮಂಡಿ ಎಂದೊಂದಿದೆ. ಮಂಡಿಗಳನ್ನು ಎರಡೂ ಕಡೆ ಹೊರಳಿಸಿ ಅರ್ಧ ಕೂಡಬೇಕು, ಕೂತಂತೆಯೇ ಕುಣಿಯಬೇಕು. ನೋಡಲು ಏನೂ ಅಲ್ಲ ಅನ್ನಿಸುತ್ತದೆ. ಒಮ್ಮೆ ಬಾಗಿಲು ಹಾಕಿಕೊಂಡು ನಾನೂ ಕೂತು ನೋಡಿದೆ. ಗೋಡೆ ಹಿಡಿದುಕೊಂಡು ಎದ್ದೆ. ಮಗಳು ಅದರಲ್ಲಿ ತಾಸುಗಟ್ಟಲೆ ಇರುತ್ತಿದ್ದಳು, ಬೆವರು ಗದ್ದದಿಂದ ತೊಟ್ಟಿಕ್ಕುತ್ತಿದ್ದರೂ ಮುಖದ ನಗೆ ಮಾಸುತ್ತಿರಲಿಲ್ಲ.

ಜೂನಿಯರ್ ಪರೀಕ್ಷೆ ಪಾಸಾದ ಮೇಲೆ ಟೀಚರ್ ಅವಳಿಗೆ ಗೆಜ್ಜೆ ಪೂಜೆ ಮಾಡಿಸಿದರು. "ಅಂಗಡಿ ಪಟ್ಟಿ ಬ್ಯಾಡ್ರಿ, ಆರು ತಿಂಗಳಿಗೆ ಹರೀತಾವು. ನಿಮ್ಮ ಕೈ ಗಟ್ಟಿ ಐತಿ, ನೀವ ಹೊಲೀರಿ" ಅಂದರು. ದಪ್ಪ ಚರ್ಮಕ್ಕೆ ನನ್ನ ಸೂಜಿಗಳು ಇಳಿಯಲಿಲ್ಲ. ಮಾವನವರು ತಮ್ಮ ದಬ್ಬಣ ತಂದುಕೊಟ್ಟು, ಎದುರಿಗೆ ಕೂತು ದಾರಕ್ಕೆಲ್ಲ ಮೇಣ ತಿಕ್ಕಿಕೊಟ್ಟರು. ಒಂದೊಂದು ಗೆಜ್ಜೆಯನ್ನೂ ಕಿವಿಯ ಹತ್ತಿರ ಹಿಡಿದು ಅಲುಗಿಸಿ, ಒಡಕು ದನಿ ಬಂದದ್ದನ್ನು ಆರಿಸಿ ಬದಿಗಿಟ್ಟರು. ಇದನ್ನು ಮರೆಯಬೇಡಿ.

ಇನ್ನು ಶಾಲೆಯ ಕಥೆ. ಊರಿಗೆ ಯಾರೇ ದೊಡ್ಡವರು ಬರಲಿ, ಹೆಡ್‌ಸರ್‌ಗೆ ನನ್ನ ಮಗಳು ಬೇಕು. ರಾಜ್ಯೋತ್ಸವಕ್ಕೆ ಅವಳು, ಗಣರಾಜ್ಯೋತ್ಸವಕ್ಕೆ ಅವಳು, ಶಾಲೆಗೆ ಹೊಸ ಬೋರು ಹಾಕಿಸಿದರೂ ಉದ್ಘಾಟನೆಗೆ ಅವಳದೇ ಸ್ವಾಗತ ನೃತ್ಯ. ಅತಿಥಿಗಳು ಎರಡು ತಾಸು ತಡವಾಗಿ ಬಂದರೆ ಎರಡು ತಾಸು ಬಣ್ಣ ಬಳಿದುಕೊಂಡು ಬಿಸಿಲಲ್ಲಿ ನಿಲ್ಲುವವಳೂ ಅವಳೇ. ಅದಕ್ಕಾಗಿ ವಾರಗಟ್ಟಲೆ ಗಣಿತದ ತಾಸು ತಪ್ಪಿಸಿ ಪ್ರಾಕ್ಟೀಸ್ ಮಾಡಿಸಿದರು, ಆಗ ಅವಳ ಓದು ಯಾರಿಗೂ ನೆನಪಾಗಲಿಲ್ಲ. ಶಾಲೆಯ ಪ್ರವೇಶ ಪ್ರಾರಂಭವಾಗಿದೆ ಎಂಬ ಬ್ಯಾನರ್ ಮೇಲೂ ಅವಳದೇ ಫೋಟೋ, ಕೆಳಗೆ 'ಸರ್ವಾಂಗೀಣ ಅಭಿವೃದ್ಧಿ' ಎಂಬ ದಪ್ಪಕ್ಷರ.

ಹತ್ತನೆಯ ತರಗತಿಯಲ್ಲಿ ಸೀನಿಯರ್ ಪರೀಕ್ಷೆಗೆ ಕೂಡಲು ಮೂರು ದಿನದ ರಜೆ ಬೇಕಾಯಿತು. ಕೇಳಲು ನಾನೇ ಹೋದೆ. ಹೆಡ್‌ಸರ್ ನನ್ನ ಅರ್ಜಿಯನ್ನು ಮಡಚಿ ನನ್ನ ಕಡೆಗೇ ಸರಿಸಿದರು.

"ಎಸ್ಸೆಸ್ಸೆಲ್ಸಿ ಅಂದ್ರ ಆಟ ಅಲ್ರಿ ಬಾಯಾರ. ಡ್ಯಾನ್ಸ್ ಗೀನ್ಸ್ ಆಮ್ಯಾಲಿಂದು."

ಅವರ ಬೆನ್ನ ಹಿಂದಿನ ಗೋಡೆಯ ಮೇಲೆ ಅದೇ ಬ್ಯಾನರ್ ಇತ್ತು, ನನ್ನ ಮಗಳು ಅವರ ತಲೆಯ ಮೇಲೆ ಹಸ್ತ ತೋರಿಸುತ್ತ ನಿಂತಿದ್ದಳು. ಹೊಳೆ ದಾಟಿದ ಮೇಲೆ ಅಂಬಿಗನ ಹಂಗ್ಯಾಕೆ! ತೋಳು ಅರ್ಧ ಇಂಚು ಬಿಗಿಯಾಯಿತೆಂದು ಜಂಪರು ಹಿಡಿದು ಬಂದವರ ಜೊತೆ ಓಣಿಗೆಲ್ಲ ಕೇಳುವಂತೆ ಜಗಳ ತೆಗೆಯುವ ನಾನು, ಅಲ್ಲಿ ಮಾತ್ರ "ಹೂಂ ರಿ" ಅಂದು ಎದ್ದು ಬಂದೆ. ಆ ವರ್ಷದ ಪರೀಕ್ಷೆ ತಪ್ಪಿತು. ಟೀಚರ್ ಬೈಯಲಿಲ್ಲ. "ಮುಂದಿನ ವರ್ಷ ಕೂಡಸೋಣ್ರಿ. ಆದ್ರ ನಡುವ ಬಿಡಸಬ್ಯಾಡ್ರಿ. ಎರಡು ವರ್ಷ ಬಿಟ್ರ ಮಂಡಿ ಮರೀತಾವು, ಆಮ್ಯಾಲ ಮೊದಲಿಂದ ಶುರು" ಅಂದರು. ಗೋಕಾಕದಲ್ಲೇ ದಿನದ ಕಾಲೇಜಿಗೆ ಹಾಕಿದರೆ ವಾರವಿಡೀ ತಮ್ಮ ಮನೆಯಲ್ಲೇ ಇಟ್ಟುಕೊಳ್ಳುವುದಾಗಿಯೂ ಹೇಳಿದರು.

ಆಮೇಲೆ ಎಸ್ಸೆಸ್ಸೆಲ್ಸಿಯ ನಿಕಾಲ ಬಂತು. ಮಗಳಿಗೆ ತೊಂಬತ್ತರ ಮೇಲೆ ಬಿತ್ತು. ಕಡಿಮೆ ಬಿದ್ದಿದ್ದರೆ ಅವಳು ಪಾರಾಗುತ್ತಿದ್ದಳು ಎಂದು ನಾನು ಈಗಲೂ ಅಂದುಕೊಳ್ಳುತ್ತೇನೆ. ನಮ್ಮ ಕಡೆ ಕಡಿಮೆ ಮಾರ್ಕ್ಸ್ ಬಿದ್ದವರನ್ನು ಅವರ ಪಾಡಿಗೆ ಬಿಡುತ್ತಾರೆ. ಹೆಚ್ಚು ಬಿದ್ದವರು ಮಾತ್ರ ಇಡೀ ಬಳಗದ ಆಸ್ತಿ. ಆ ರವಿವಾರವೇ ಹುಕ್ಕೇರಿಯಿಂದ ನನ್ನ ಅಣ್ಣ ಬಂದ, ರಾಯಬಾಗದಿಂದ ನಾದಿನಿ ಬಂದಳು. ಪಡಸಾಲೆಯಲ್ಲಿ ಚಾಪೆ ಹಾಸಿ ಎಲ್ಲರೂ ಕೂತರು.

ಯಮಕನಮರಡಿಯ ಕಡೆ, ಹೆದ್ದಾರಿಗೆ ಹತ್ತಿಕೊಂಡೇ ಒಂದು ವಸತಿ ಕಾಲೇಜು ಶುರುವಾಗಿ ನಾಲ್ಕೈದು ವರ್ಷ ಆಗಿತ್ತು. ಅಲ್ಲಿ ಪಿಯುಸಿ ಸೈನ್ಸಿನ ಜೊತೆಗೆ ಡಾಕ್ಟರಿಕಿಯ ಪರೀಕ್ಷೆಗೂ ತಯಾರಿ. ಅಣ್ಣ ಅಲ್ಲಿಯ ಫಾರ್ಮನ್ನು ಕಿಸೆಯಲ್ಲೇ ಇಟ್ಟುಕೊಂಡು ಬಂದಿದ್ದ.

"ಎರಡ ವರ್ಷ ಕಣ್ಣ ಮುಚ್ಚಿ ಓದಿದ್ಲಂದ್ರ ಹುಡುಗಿ ಡಾಕ್ಟರ್ ಆತಾಳ. ಕುಣಿಯೂದ ಎಲ್ಲಿ ಓಡಿ ಹೋಗತೈತಿ?" ಅಂದ.

ನಾದಿನಿ ಅದಕ್ಕೆ ತಾಳ ಹಾಕಿದಳು. "ಈಗರ ನಿಲ್ಲಸ್ರಿ. ಮೂಗಿಗಿಂತಾ ಮೂಗುತಿ ಭಾರ ಆಗೇತಿ. ನಾಳೆ ಬೀಗರು ನೋಡಾಕ ಬಂದಾಗ ಗೆಜ್ಜಿ ಕಟ್ಕೊಂಡು ನಿಲ್ಲತಾಳೇನ?"

ಗಂಡ ನನ್ನ ಮುಖ ನೋಡಿ, ಅಣ್ಣನ ಮುಖ ನೋಡಿ, "ನಿಮ್ಮಣ್ಣ ಹೇಳಿದ್ದು ಖರೆ ಐತಿ" ಅಂದುಬಿಟ್ಟರು. ಅಂಗಡಿಯಲ್ಲಿ ಯಾವ ಬೀಜ ಒಳ್ಳೆಯದು ಎಂದು ಯಾರಾದರೂ ಕೇಳಿದರೆ ಅರ್ಧ ತಾಸು ಮಾತಾಡುವ ಮನುಷ್ಯ! ಮಗಳು ಚಹಾದ ಕಪ್ಪು ಹಿಡಿದು ಬಂದಳು, ಖಾಲಿ ಕಪ್ಪು ಎತ್ತಿಕೊಂಡು ಹೋದಳು. ಅವಳೆದುರಿಗೇ ಅವಳ ಬಗ್ಗೆ ಎರಡು ತಾಸು ಮಾತಾಡಿದೆವು, ನಡುವೆ ಒಮ್ಮೆ ಸಕ್ಕರೆ ಕಡಿಮೆಯಾಗಿದೆ ಎಂದಷ್ಟೇ ಅವಳಿಗೆ ಹೇಳಿದೆವು.

ನಾನು ಬೇಡ ಅನ್ನಬಹುದಿತ್ತು. ಟೀಚರ್ ಮನೆಯ ಮಾತು ನನ್ನ ಬಾಯಿಯ ತುದಿಗೇ ಇತ್ತು. ಆದರೆ ನನಗೆ ಹೆದರಿಕೆಯಾಯಿತು. ನಾಳೆ ಅವಳು ಏನೂ ಆಗದೆ ಹೋದರೆ ಈ ಜನವೆಲ್ಲ ನನ್ನ ಕಡೆಗೇ ಬೆರಳು ತೋರಿಸುತ್ತಾರೆ, ತಾಯಿಯೇ ಕುಣಿಸಿ ಹಾಳು ಮಾಡಿದಳು ಅನ್ನುತ್ತಾರೆ. ಆ ಬೆರಳಿಗೆ ಅಂಜಿ ನಾನು ಅಣ್ಣನ ಪೆನ್ನು ಇಸಕೊಂಡು ಸಹಿ ಮಾಡಿದೆ. ಮರುದಿನ ಮಗಳಿಗೆ ಬುದ್ಧಿವಾದ ಹೇಳಿದವಳೂ ನಾನೇ. "ಎರಡ ವರ್ಷ ಅಷ್ಟ" ಅಂದೆ. ಅವಳು "ಹೂಂ" ಅಂದಳು. ಹೆಡ್‌ಸರ್ ಮುಂದೆ ನಾನು ಅಂದ ಹೂಂ ಅದೇ.

ವಸತಿ ಕಾಲೇಜಿಗೆ ಬಿಡಲು ಅವಳನ್ನು ಕರೆದುಕೊಂಡು ಹೋದವಳು ನಾನು. ಟ್ರಂಕಿನಲ್ಲಿ ಬಟ್ಟೆಯ ಕೆಳಗೆ ಅವಳು ಗೆಜ್ಜೆಯನ್ನೂ ಇಟ್ಟುಕೊಂಡಿದ್ದಳು. ಹಾಸ್ಟೆಲಿನ ಮೇಲ್ವಿಚಾರಕಿ ಪ್ರತಿ ಟ್ರಂಕನ್ನೂ ಬಿಚ್ಚಿಸಿ ನೋಡುತ್ತಿದ್ದರು. ಗೆಜ್ಜೆಯನ್ನು ಎರಡು ಬೆರಳಲ್ಲಿ ಎತ್ತಿ ನನ್ನ ಕೈಗೆ ಕೊಟ್ಟರು.

"ಸಪ್ಪಳ ಆಗತೈತ್ರಿ. ಉಳದ ಹುಡುಗ್ಯಾರು ಓದಬೇಕು. ನಮ್ಮಲ್ಲೂ ಡ್ಯಾನ್ಸ್ ಐತಿ, ವಾರ್ಷಿಕೋತ್ಸವಕ್ಕ ಹತ್ತು ಮಿನಿಟು."

ಮಗಳು ನನ್ನನ್ನು ನೋಡಿದಳು. ಆಗಲಾದರೂ ನಾನು ಟ್ರಂಕು ಎತ್ತಿಕೊಂಡು ತಿರುಗಿ ಬರಬೇಕಿತ್ತು. ನಾನು ಗೆಜ್ಜೆಯನ್ನು ಚೀಲಕ್ಕೆ ಹಾಕಿಕೊಂಡು, ಅವಳ ತಲೆ ಸವರಿ, ಬಸ್‌ಸ್ಟ್ಯಾಂಡಿಗೆ ಬಂದೆ. ಹುಕ್ಕೇರಿಯಿಂದ ಹಿಡಿದ ಬಸ್ಸು ಕುಲುಕಿದಾಗೆಲ್ಲ ತೊಡೆಯ ಮೇಲಿನ ಚೀಲ ಝಣ್ ಅನ್ನುತ್ತಿತ್ತು. ಬಾಜೂ ಸೀಟಿನ ಮುದುಕ ಎರಡು ಸಲ ತಿರುಗಿ ನೋಡಿ, "ಎತ್ತಿನ ಗೆಜ್ಜಿ ಏನವ್ವಾ? ಕಾರಹುಣ್ಣಿಮಿಗೆ?" ಅಂತ ಕೇಳಿದ. ಮಗಳು, ನೃತ್ಯ, ಹಾಸ್ಟೆಲು ಎಂದೆಲ್ಲ ಯಾರು ವಿವರಿಸಬೇಕು? "ಹೂಂ ಅಜ್ಜಾ, ಎತ್ತಿನವು" ಅಂದೆ. ಸುಳ್ಳು ಅಷ್ಟು ಸಲೀಸಾಗಿ ಬಂತು.

ಮನೆಗೆ ಬಂದು ಗೆಜ್ಜೆಯನ್ನು ಅವಳ ಕಪಾಟಿನಲ್ಲಿಡಲು ಹೋದರೆ ಅವಳ ಲಂಗದಾವಣಿಯ ವಾಸನೆ ಬಂತು, ಇಡಲಾಗಲಿಲ್ಲ. ತಂದು ಪಡಸಾಲೆಯ ಗೂಟಕ್ಕೆ ಹಾಕಿದೆ. ಅದೇ ಸಾಲಿನಲ್ಲಿ ಎತ್ತಿನ ಹಗ್ಗ, ಮೂಗುದಾಣ, ಬಾರುಕೋಲು ಇರುತ್ತವೆ. ತಿಂಗಳೊಪ್ಪತ್ತು ಅದು ಅಲ್ಲೇ ನೇತಾಡಿತು. ಗಾಳಿಗೆ ಒಮ್ಮೊಮ್ಮೆ ಅಲುಗಿದರೆ ನನಗೆ ಮೈಯೆಲ್ಲ ಉರಿಯುತ್ತಿತ್ತು. ಒಂದು ದಿನ ಮಾವನವರು ಅದರ ಕೆಳಗೆ ನಿಂತು ಕೇಳಿದರು.

"ಇವು ಇನ್ನ ಬೇಕೇನವ್ವಾ?"

ಎದುರಿಗೆ ಒಬ್ಬಾಕೆ ಹಬ್ಬದ ಜಂಪರಿಗೆ ಅವಸರ ಮಾಡುತ್ತ ಕೂತಿದ್ದಳು. ಮಷೀನು ನಿಲ್ಲಿಸದೆ, ತಲೆಯೆತ್ತದೆ, ಸಿಡುಕಿ ಅಂದೆ: "ಯಾರಿಗಿ ಬೇಕ್ರಿ ಮಾವಾರ ಇನ್ನ! ಕುಣಿಯೂದೆಲ್ಲಾ ಮುಗೀತಲ್ಲ!"

ನಾನಂದದ್ದು ಸಿಟ್ಟಿನಿಂದ. ಆದರೆ ಮಾವನವರು ಜೀವನದಲ್ಲಿ ಒಂದು ಮಾತಿನ ಹಿಂದೆ ಇನ್ನೊಂದು ಮಾತು ಇಟ್ಟು ಆಡಿದವರಲ್ಲ. ಬೇಡ ಅಂದರೆ ಬೇಡ, ಬೇಕು ಅಂದರೆ ಬೇಕು.

ಕಾರಹುಣ್ಣಿಮೆಗೆ ಹಾಸ್ಟೆಲಿನವರು ಎರಡು ದಿನ ರಜೆ ಕೊಟ್ಟರು. ಗಂಡ ಹೋಗಿ ಮಗಳನ್ನು ಕರೆತಂದರು. ಒಂದು ತಿಂಗಳಿಗೇ ಅವಳು ಬಗ್ಗಿ ನಡೆಯುತ್ತಿದ್ದಳು. ಬೆನ್ನು ಹಲಗೆಯಂತೆ ನೆಟ್ಟಗಿಟ್ಟುಕೊಂಡು ನಡೆಯುತ್ತಿದ್ದ ಹುಡುಗಿ! ಉಂಡಿಗಡುಬು ತಟ್ಟೆಯಲ್ಲಿ ಹಾಗೇ ಉಳಿಸಿದಳು. ಇಳಿಹೊತ್ತಿಗೆ ಎತ್ತುಗಳನ್ನು ಓಣಿಯಲ್ಲಿ ಓಡಿಸುವುದು ನಮ್ಮಲ್ಲಿ ಪದ್ಧತಿ. ನಾವೆಲ್ಲ ಕಟ್ಟೆಯ ಮೇಲೆ ಕೂತಿದ್ದೆವು. ಕೋಡಿಗೆ ಬಣ್ಣ ಬಳಿದು, ಬೆನ್ನಿಗೆ ಝೂಲ ಹೊದಿಸಿದ ಜೋಡಿಗಳು ಒಂದರ ಹಿಂದೊಂದು ಬಂದವು. ಮಗಳು ಮೊಬೈಲು ನೋಡುತ್ತಿದ್ದವಳು ಒಮ್ಮೆಲೆ ತಲೆಯೆತ್ತಿದಳು.

"ಅವ್ವಾ, ಅವು ನನ್ನಾವು."

ನನಗೆ ತಿಳಿಯಲಿಲ್ಲ. ನಮ್ಮ ಎತ್ತುಗಳು ಇನ್ನೂ ತಿರುವಿನಲ್ಲಿದ್ದವು, ಕಾಣಿಸುತ್ತಲೂ ಇರಲಿಲ್ಲ. ಅವು ಹತ್ತಿರ ಬಂದ ಮೇಲೆ ನೋಡಿದೆ. ಮಾವನವರು ಚರ್ಮದ ಪಟ್ಟಿಯ ಹೊಲಿಗೆಯನ್ನೆಲ್ಲ ಬಿಚ್ಚಿ, ಕೆಂಪು ದಾರದಲ್ಲಿ ಒಂದೊಂದೇ ಗೆಜ್ಜೆ ಪೋಣಿಸಿ, ಎರಡು ಎತ್ತಿಗೂ ಕೊರಳತುಂಬ ಗೆಜ್ಜೆಸರ ಮಾಡಿ ಕಟ್ಟಿದ್ದರು. ಹಳದಿ ರುಮಾಲು ಸುತ್ತಿಕೊಂಡು, ಹಗ್ಗ ಹಿಡಿದು, ಉಬ್ಬಸ ಬಿಡುತ್ತ ಬಂದು ಮೊಮ್ಮಗಳ ಮುಂದೆಯೇ ನಿಲ್ಲಿಸಿದರು.

"ನಿನ್ನ ಗೆಜ್ಜಿನ ಇವು, ತಂಗಿ! ಗೂಟಕ್ಕ ಸುಮ್ನ ಯಾಕ ಜೋತಾಡಬೇಕು? ಹ್ಯಾಂಗ ಕುಣದ್ವು ನೋಡಿದಿ?"

ಅವರ ಮುಖದಲ್ಲಿ ಕಪಟದ ಲವಲೇಶವೂ ಇರಲಿಲ್ಲ. ಅವರಿಗೆ ತಿಳಿದ ಅತಿ ದೊಡ್ಡ ಮರ್ಯಾದೆಯನ್ನು ಅವರು ಆ ಗೆಜ್ಜೆಗೆ ಮಾಡಿದ್ದರು. ಮಗಳು ಎದ್ದು ಹೋಗಿ ಎತ್ತಿನ ಕೊರಳನ್ನು ಮುಟ್ಟಿದಳು. ಅಳಲಿಲ್ಲ.

"ಎತ್ತಾದ್ರೂ ಕುಣೀಲಿ ಬಿಡ ಅಜ್ಜಾ" ಅಂದಳು. "ಅವಕ್ಕ ಯಾರೂ ಸೈನ್ಸ್ ತಗೋ ಅನ್ನಂಗಿಲ್ಲ."

ಕಟ್ಟೆಯ ಮೇಲಿದ್ದವರು ನಕ್ಕರು. ಆ ನಗೆ ನನ್ನ ನೆತ್ತಿಗೇರಿತು. ಮದುವೆಯಾಗಿ ಬಂದಾಗಿನಿಂದ ಮಾವನವರೆದುರು ಸೆರಗು ಜಾರಿಸದ ನಾನು, ಓಣಿಯ ನಡುವೆ ನಿಂತು ಬಾಯಿಗೆ ಬಂದಂತೆ ಕೂಗಾಡಿದೆ. ನಿಮಗೆ ಕಣ್ಣು ಕಾಣಿಸುವುದಿಲ್ಲವೇ, ನಾನು ಬೆರಳು ಚುಚ್ಚಿಕೊಂಡು ಹೊಲಿದದ್ದು ದನಕ್ಕೇನು, ಒಂದು ಮಾತು ಕೇಳಬೇಕೆಂದು ತಿಳಿಯಲಿಲ್ಲವೇ ಎಂದೆ. ಎತ್ತುಗಳು ಬೆದರಿ ಕತ್ತು ಕೊಡವಿದವು. ಮಾವನವರು ನಾನು ಮುಗಿಸುವವರೆಗೂ ಕಾದರು.

"ಕೇಳಿದ್ನಲ್ಲವ್ವಾ" ಅಂದರು. "ನೀನ ಅಂದಿದ್ದಿ, ಯಾರಿಗಿ ಬೇಕು ಅಂತ."

ಮಾತು ಆಡಿದರೆ ಹೋಯಿತು ಎಂದು ಸುಮ್ಮನೆ ಅನ್ನುವುದಿಲ್ಲ. ಆ ಕ್ಷಣದಲ್ಲಿ ನನಗೆ ಎಲ್ಲವೂ ಸಾಲಾಗಿ ಕಾಣಿಸಿದವು: ಹೆಡ್‌ಸರ್ ಮುಂದಿನ ಹೂಂ, ಅಣ್ಣನ ಪೆನ್ನು, ಹಾಸ್ಟೆಲಿನ ಬಾಗಿಲು, ಬಸ್ಸಿನಲ್ಲಿ ಮುದುಕನಿಗೆ ಹೇಳಿದ್ದು. ಎತ್ತಿನ ಗೆಜ್ಜೆ ಎಂದು ಮೊದಲು ಅಂದವಳೇ ನಾನು. ಮಾವನವರು ಕಟ್ಟಿದ್ದು ಆಮೇಲೆ. ಬೈಸಿಕೊಳ್ಳಬೇಕಾದವರ ಪಾಳಿಯಲ್ಲಿ ಎಲ್ಲರಿಗಿಂತ ಮುಂದೆ ನಿಂತವಳನ್ನು ಬಿಟ್ಟು ಕಟ್ಟಕಡೆಯವರನ್ನು ಹಿಡಿದು ನಾನು ಜಾಡಿಸಿದ್ದೆ.

ಹೊತ್ತು ಮುಳುಗುವ ಮೊದಲೇ ಮಾವನವರು ಎರಡೂ ಸರ ಕತ್ತರಿಸಿ, ಗೆಜ್ಜೆಗಳನ್ನು ಆ ಹಳದಿ ರುಮಾಲಿನಲ್ಲಿ ಕಟ್ಟಿ ನನ್ನ ಮಷೀನಿನ ಮೇಲಿಟ್ಟರು. ಜೊತೆಗೆ ದಬ್ಬಣ ಮತ್ತು ಮೇಣ. ಓಡುವಾಗ ಎರಡು ಎಲ್ಲಿಯೋ ಉದುರಿದ್ದವು. ಮರುದಿನ ಮುಂಜಾನೆ ಅವರು ಓಣಿಯನ್ನು ಬಗ್ಗಿ ಬಗ್ಗಿ ಹುಡುಕುತ್ತಿದ್ದುದನ್ನು ಕಂಡೆ. ನಾನು ಕ್ಷಮಿಸಿರಿ ಅನ್ನಲಿಲ್ಲ. ನಮ್ಮಲ್ಲಿ ಹಾಗೆ ಅನ್ನುವ ರೂಢಿಯಿಲ್ಲ. ಜೋಳದ ರೊಟ್ಟಿ ಬಿಸಿಯದು ಮಾಡಿ ಹಾಕಿದೆ.

ಮಗಳು ಹಾಸ್ಟೆಲಿಗೆ ತಿರುಗಿ ಹೋದಳು. ಅದೇ ವಾರದಲ್ಲಿ ನಾನು ಗೆಜ್ಜೆ ಹೊಲಿದು ಮುಗಿಸಿದೆ, ಗೋಕಾಕದ ಕಾಲೇಜಿನಲ್ಲಿ ವಿಚಾರಿಸಿ ಕಾಮರ್ಸಿನ ಸೀಟೊಂದನ್ನು ಮಾತಾಡಿ ಇಟ್ಟೆ. ಗಂಡನಿಗೆ ತಿಳಿಸಿದೆ ಅಷ್ಟೆ, ಒಪ್ಪಿಗೆ ಕೇಳಲಿಲ್ಲ. ಅಣ್ಣನಿಗೆ ತಿಳಿಸಲೂ ಇಲ್ಲ. ಶನಿವಾರ ಗೆಜ್ಜೆಯ ಚೀಲ ಹಿಡಿದು ವಸತಿ ಕಾಲೇಜಿನ ಆಫೀಸಿಗೆ ಹೋಗಿ ಮಗಳ ಟಿ.ಸಿ. ಕೊಡಿರಿ ಎಂದೆ. ಕ್ಲರ್ಕ್ ಕಾರಣ ಕೇಳಿದ. ಡ್ಯಾನ್ಸ್ ಎಂದು ಬರೆದುಕೊಟ್ಟೆ.

"ಹಿಂಗ ಬರದ್ರ ನಡಿಯಂಗಿಲ್ರಿ. ಆರೋಗ್ಯ ಸರಿ ಇಲ್ಲಂತ ಬರೀರಿ" ಅಂದ.

"ನನ್ನ ಮಗಳಿಗೆ ಏನೂ ಜಡ್ಡಿಲ್ಲ" ಅಂದೆ. "ಬರದದ್ದ ಇರ್ಲಿ."

ಪ್ರಾಚಾರ್ಯರು ಒಳಗೆ ಕರೆದು, ಬಿಟ್ಟ ಸೀಟು ಮತ್ತೆ ಸಿಗುವುದಿಲ್ಲ, ಹುಡುಗಿಯ ಭವಿಷ್ಯದ ಮೇಲೆ ಕಲ್ಲು ಹಾಕುತ್ತೀರಿ ಎಂದರು. ಈ ಸಲ ನಾನು ಹೂಂ ಅನ್ನಲಿಲ್ಲ. ಹೆಡ್‌ಸರ್‌ಗೆ ಅನ್ನಬೇಕಾಗಿದ್ದುದನ್ನೂ ಸೇರಿಸಿ ಅವರಿಗೇ ಅಂದು, ಟ್ರಂಕು ಎತ್ತಿಸಿಕೊಂಡು ಹೊರಗೆ ಬಂದೆ.

ಹುಕ್ಕೇರಿಯಿಂದ ಗೋಕಾಕದ ಬಸ್ಸು ಹಿಡಿದೆವು. ಕಿಟಕಿಯ ಬದಿಗೆ ಮಗಳು, ನನ್ನ ತೊಡೆಯ ಮೇಲೆ ಚೀಲ. ನನಗೆ ಒಳಗೊಳಗೇ ಹೆಮ್ಮೆ. ಕಾಮರ್ಸ್ ಸುಲಭ, ಸಂಜೆಯೆಲ್ಲ ನೃತ್ಯಕ್ಕೆ ಸಿಗುತ್ತದೆ, ಟೀಚರ್ ಈ ವರ್ಷ ಸೀನಿಯರ್ ಪರೀಕ್ಷೆಗೆ ಕೂಡಿಸುತ್ತಾರೆ, ಎಲ್ಲ ಮಾತಾಡಿ ಇಟ್ಟಿದ್ದೇನೆ ಎಂದು ಹೇಳುತ್ತಲೇ ಇದ್ದೆ. ಅವಳು ಅಪ್ಪಿಕೊಳ್ಳುತ್ತಾಳೆ, ಅಳುತ್ತಾಳೆ, ಏನಾದರೂ ಮಾಡುತ್ತಾಳೆ ಅಂದುಕೊಂಡಿದ್ದೆ. ಧುಪದಾಳ ಬರುವವರೆಗೂ ಅವಳು ಹೊರಗೆ ನೋಡುತ್ತ ಕೂತಿದ್ದಳು.

"ನನಗ ಸೈನ್ಸೂ ಬೇಕಾಗಿತ್ತವಾ" ಅಂದಳು ಆಮೇಲೆ. "ಜೀವಶಾಸ್ತ್ರ ನನಗ ಭಾಳ ಸೇರತೈತಿ. ಗೋಕಾಕದಾಗ ಸೈನ್ಸ್ ತಗೊಂಡು ಸಂಜಿಕಿ ಕ್ಲಾಸಿಗೆ ಹೋಗೂದು ಅಂತ ಮಾಡಿದ್ದೆ. ಎರಡೂ ಆಗತಿತ್ತು. ಟೀಚರ್ ಮುಂದ ಹೇಳಿನೂ ಇದ್ದೆ."

"ಮತ್ತ ನಮ್ಮ ಮುಂದ ಯಾಕ ಹೇಳಲಿಲ್ಲ?"

"ನೀವ್ಯಾರು ಕೇಳಿದ್ರಿ?"

ದನಿಯಲ್ಲಿ ಜಗಳವಿರಲಿಲ್ಲ. ಅದೇ ನನಗೆ ಹೆಚ್ಚು ಚುಚ್ಚಿತು. ಅಣ್ಣ ಕೇಳದೆ ಅವಳನ್ನು ಹಾಸ್ಟೆಲಿಗೆ ಹಾಕಿಸಿದ, ನಾನು ಕೇಳದೆ ಬಿಡಿಸಿಕೊಂಡು ಬಂದೆ. ಈ ಇಡೀ ಬಳಗದಲ್ಲಿ ಬೇಕೋ ಬೇಡವೋ ಎಂದು ಬಾಯಿಬಿಟ್ಟು ಕೇಳಿದವರು ಮಾವನವರೊಬ್ಬರೇ. ಅವರೂ ಕೇಳಿದ್ದು ನನ್ನನ್ನು.

ಘಟಪ್ರಭಾ ದಾಟಿದ ಮೇಲೆ ಬಸ್ಸು ತಗ್ಗಿಗೆ ಇಳಿದು ಎದ್ದಿತು. ಚೀಲ ಝಣ್ ಅಂದಿತು. ಮುಂದಿನ ಸೀಟಿನ ಹೆಂಗಸು ತಿರುಗಿದಳು.

"ಏನ್ರಿ ಅದು, ಎತ್ತಿನ ಗೆಜ್ಜೇನ್ರಿ?"

ನನ್ನ ಬಾಯಿ ತೆರೆದೇ ಇತ್ತು. ಮುಚ್ಚಿಕೊಂಡೆ. ಚೀಲವನ್ನು ಎತ್ತಿ ಮಗಳ ತೊಡೆಯ ಮೇಲಿಟ್ಟೆ.

"ಅಕಿನ್ನ ಕೇಳ್ರಿ" ಅಂದೆ.

ಮಗಳು ನನ್ನ ಮುಖವನ್ನು ಒಮ್ಮೆ ನೋಡಿದಳು. ಬೆನ್ನು ನೆಟ್ಟಗೆ ಮಾಡಿ ಕೂತಳು.

"ನನ್ನಾವ್ರಿ" ಅಂದಳು.